ದರೋಗಾ ಅಂದ್ರ

“ದರೋಗಾ ಅಂದ್ರ ಖರೇನ ಏನಿರಬೇಕು?”

ಲಿಂಗಸೂಗೂರಿನ ಉಪ ಕಾರಾಗೃಹದಲ್ಲಿ, ಹೆಣ್ಣುಮಕ್ಕಳ ಕೋಣೆಯ ಎದುರು ಬೇವಿನ ನೆರಳಿಗೆ ಸ್ಟೂಲು ಎಳೆದುಕೊಂಡು ಕೂತ ಸಂಘಮಿತ್ರಾ ಯಾರಿಗೂ ಅಲ್ಲದಂತೆ ಕೇಳಿದಳು. ಮಸ್ಕಿಯ ಹುಡುಗಿ, ವಾರ್ಡರ್ ನೌಕರಿ ಇನ್ನೂ ಹೊಸದು. ಸಾಹೇಬರಿಗೆ ಅವಳು ‘ವಾರ್ಡರ್’, ಅಡುಗೆಯವನಿಗೆ ‘ಮೇಡಂ’, ಓಣಿಯವರಿಗೆ ‘ಜೈಲಿನಾಕಿ’. ಅಪ್ಪ ಆಸೆಪಟ್ಟು ಇಟ್ಟ ಹೆಸರು ದಿನವಿಡೀ ಅಂಗಿಯ ಮೇಲಿನ ಪಟ್ಟಿಯಲ್ಲೇ ಉಳಿಯುತ್ತಿತ್ತು. ಅವಳನ್ನು ದರೋಗಾ ಎಂದು ಕರೆಯುವವಳು ಬಸ್ಸಮ್ಮ ಒಬ್ಬಳೇ.

ಬಸ್ಸಮ್ಮ ಆ ಕೋಣೆಯ ಏಕೈಕ ಕೈದಿ. ಸಿಂಧನೂರು ಕಡೆಯವಳು, ಕಾಲುವೆ ನೀರಿನ ಜಗಳದಲ್ಲಿ ಸಲಿಕೆಯ ಕಾವಿನಿಂದ ಮೈದುನನ ತಲೆ ಒಡೆದು ಬಂದಿದ್ದಳು. ಹಗಲೆಲ್ಲ ಅವರಿಬ್ಬರಿಗೆ ಅವರಿಬ್ಬರೇ. ಮಠದಲ್ಲಿ ಪುರಾಣ ಕೇಳಿ ಕೇಳಿ ಬಾಯಿಗೆ ಬಂದದ್ದನ್ನು ಬಸ್ಸಮ್ಮ ಅಕ್ಕಿ ಆರಿಸುತ್ತ ಹಾಡುವಳು. ಸೆರೆಮನೆಯಲ್ಲಿ ದೇವರು ಹುಟ್ಟುವ ಭಾಗ ಬಂದಾಗ ಸಂಘಮಿತ್ರಾ, ಆ ಕಾವಲಿನವರ ಹೆಸರೇನು ಎಂದು ಕೇಳಿದ್ದಳು. “ಅವರಿಗೆ ಹೆಸರು ಇಟ್ಟಿಲ್ಲ” ಎಂದಿದ್ದಳು ಬಸ್ಸಮ್ಮ.

“ಚಲೋ ದರೋಗಾ ಸಿಕ್ಕಿ ನೀ. ನಿನ್ನ ಅರ್ಥ ನನ್ನ ಕೇಳಾಕತ್ತಿ” ಎಂದು ಬಸ್ಸಮ್ಮ ಈಗ ನಕ್ಕಳು. “ನಿಜಾಮನ ಕಾಲಕ್ಕ ನಮ್ಮ ಮುತ್ಯಾನ್ನ ಒಳಗ ಹಾಕಿದ್ರು. ಜೈಲಿನ ಕಾವಲಿನಾಂವಗ ಅವ ಹಂಗ ಅಂತಿದ್ದ. ಅವನ ಬಾಯಾಗಿಂದು ನನ್ನ ಬಾಯಿಗೆ ಬಂದೈತಿ.”

“ಬೈಗುಳ ಏನಬೇ ಅದು?”

“ಹೊಡದಾಗ ಬೈಗುಳ. ಬೀಡಿ ಕೊಟ್ಟಾಗ ದ್ಯಾವರ ಹೆಸರು.”

ಮಧ್ಯಾಹ್ನ ಬಸ್ಸಮ್ಮನ ವಕೀಲೆ ವಸೀಮಾ ಬಂದಳು. ಸಂಘಮಿತ್ರಾ ಅವಳನ್ನೂ ಬಿಡಲಿಲ್ಲ. “ದರೋಗಾ ಅನ್ನೂದು ಉರ್ದು ಮಾತಲ್ಲೇನ್ರಿ?”

“ನಾವೂ ನಮ್ಮದಂತನ ತಿಳಕೊಂಡಿದ್ವಿ” ಎಂದಳು ವಸೀಮಾ. “ಉರ್ದುಗೆ ಫಾರ್ಸಿಯಿಂದ ಬಂತು, ಫಾರ್ಸಿಗೆ ಮಂಗೋಲರಿಂದ. ಕುದುರಿ ಮ್ಯಾಲ ಬಂದ ಮಾತದು. ಮೂಲದಾಗ ಒತ್ತು ಅಂತ ಅರ್ಥ. ಗೆದ್ದ ಊರಾಗ ರಾಜನ ಬದಲಿ ಕುಂತು ಮುದ್ರಿ ಒತ್ತಾಂವ ಅಂತಾರ. ಮುಂದ ಠಾಣೆ, ಕುದುರಿ ಲಾಯ, ಜೈಲು, ಯಾವುದರ ಮ್ಯಾಲ ಕೂಡಿಸಿದ್ರೂ ದರೋಗಾನ.”

“ಒತ್ತಾಂವ? ಹಂಗಾರ ಸಂಜಿಕ ನನ್ನ ಮೊಣಕಾಲು ಒತ್ತಲಿ” ಎಂದಳು ಬಸ್ಸಮ್ಮ. ಮೂವರೂ ನಕ್ಕರು. ನಗು ಇನ್ನೂ ಇರುವಾಗಲೇ ವಸೀಮಾ ತಲೆ ತಗ್ಗಿಸಿ, ಈ ಸಲವೂ ಜಾಮೀನು ಆಗಲಿಲ್ಲ, ಮೈದುನ ಇನ್ನೂ ದವಾಖಾನಿಯಲ್ಲೇ ಇದ್ದಾನೆ ಎಂದಳು. ಬಸ್ಸಮ್ಮ ಅಕ್ಕಿಯ ಮೊರವನ್ನು ಮೆಲ್ಲಗೆ ಬದಿಗೆ ಸರಿಸಿದಳು. ಆಮೇಲೆ ಆ ದಿನ ಹಾಡು ಬರಲಿಲ್ಲ.

ಸಂಜೆ ತಲೆ ಎಣಿಸಿದ್ದಾಯಿತು. ಸಂಘಮಿತ್ರಾ ಸರಳಿನ ಬಾಗಿಲು ಎಳೆದು ಕೀಲಿ ಹಾಕಿದಳು. ಹಾಕಿದ ಕೀಲಿಯನ್ನು ಸಪ್ಪಳ ಬರುವಂತೆ ಜಗ್ಗಿ ನೋಡಬೇಕು. ಅದು ಅಲ್ಲಿಯ ಪದ್ಧತಿ. ಇವತ್ತು ಅವಳ ಕೈ ಮುಂದಾಗಲಿಲ್ಲ.

“ಜಗ್ಗಿ ನೋಡು” ಎಂದಳು ಒಳಗಿನಿಂದ ಬಸ್ಸಮ್ಮ.

“ಬಿದ್ದೈತಿ ಬಿಡು.”

“ನಾಳೆ ಸಾಹೇಬರಿಂದ ನಿನಗ ಮಾತು ಬರ್ತದ. ಜಗ್ಗು.”

ಜಗ್ಗಿದಳು. ಸಪ್ಪಳ ಅಂಗಳ ಸುತ್ತಿ ಬಂತು. ಆದರೂ ಅಲ್ಲಿಂದ ಕದಲದೆ, ಸರಳಿಗೆ ಮುಖ ಹತ್ತಿರ ತಂದು ಕೇಳಿದಳು: “ಬಸ್ಸಮ್ಮ, ನಾಳಿಂದ ದರೋಗಾ ಅನಬ್ಯಾಡ. ನನ್ನ ಹೆಸರು ಸಂಘಮಿತ್ರಾ. ಬಾಯಿ ತಿರುಗಲಿಲ್ಲಂದ್ರ ತಂಗಿ ಅನ್ನು, ಸಾಕು.”

“ಒಲ್ಲೆ.”

“ಅರ್ಥ ಗೊತ್ತಾದ ಮ್ಯಾಲೂ?”

ಬಸ್ಸಮ್ಮ ಚಾಪೆ ಬಿಚ್ಚಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. “ದರೋಗಾ ಕೀಲಿ ಹಾಕಿದ್ರ ನಾ ತಡಕೋತೀನಿ. ತಂಗಿ ಹಾಕಿದ್ರ ಆಗಂಗಿಲ್ಲ. ಅನ್ನಂಗಿಲ್ಲ, ಹೋಗು.”