ಎರವಲು ತಾಯಿ

ಕಾರು ಬಂದು ಬಾಗಿಲಿಗೆ ನಿಂತಾಗ ಹಣಮಪ್ಪ ಇನ್ನೂ ಕರಿಯನ್ನು ಹಿತ್ತಲಿಗೆ ಎಳೆಯುತ್ತಿದ್ದ. ಅದು ಹೋಗಲೊಲ್ಲದು, ಇವನು ಬಿಡಲೊಲ್ಲ. ಕಡೆಗೆ ಇಸ್ತ್ರಿ ಅಂಗಿಯ ಒಂದು ತೋಳನ್ನು ಸಗಣಿ ಮಾಡಿಕೊಂಡು ಆ ಆಕಳನ್ನು ಬಣವೆಯ ಹಿಂದೆ ಕಟ್ಟಿ ಓಡಿ ಬಂದ.

ಕೊಟ್ಟಿಗೆಯಲ್ಲಿ ಕರುವಿನ ಬಾಜುವಿಗೆ ನಿಂತಿದ್ದದ್ದು ನೆರೆಮನೆ ಯಲ್ಲೇಶನ ಗಿರ್ ತಳಿಯ ಆಕಳು. ಕೆಂಪು ಮೈ, ಉಬ್ಬಿದ ಹಣೆ, ಎಲೆ ಮಡಿಚಿದಂಥ ಉದ್ದ ಕಿವಿ. ಕರುವಿಗೂ ಅದೇ ಬಣ್ಣ, ಅದೇ ಕಿವಿ. ಕನ್ಯೆ ನೋಡಲು ಬರುವವರ ಮುಂದೆ ನೆರೆಯವರ ಸರ ಹಾಕಿ ಕೂಡಿಸುವುದಿಲ್ಲವೇ, ಹಾಗೆ ಮುಂಜಾನೆಯೇ ಎರವಲು ತಂದು ಕಟ್ಟಿದ್ದ. ಕರುವನ್ನು ಹಡೆದದ್ದು ಕರಿ: ಮಿಶ್ರತಳಿ, ಒಂದು ಕೋಡು ಮುರಿದದ್ದು, ಹಾಲಿಗಿಂತ ಒದೆತವೇ ಹೆಚ್ಚು. ಎಲ್ಲಿಯದೋ ಒಳ್ಳೆಯ ಗಿರ್ ಆಕಳಿನ ಭ್ರೂಣವನ್ನು ದನದ ಡಾಕ್ಟರು ತಂದು ಅದರ ಹೊಟ್ಟೆಯಲ್ಲಿ ಇಟ್ಟಿದ್ದರು. ಅದು ವಿಜ್ಞಾನ. ಆದರೆ ಸಂತೆಯಲ್ಲಿ ಕರು ಕೊಳ್ಳುವವರು ಮೊದಲು ನೋಡುವುದು ತಾಯಿಯನ್ನು. ಕರಿಯ ಮುಖ ನೋಡಿದ ಮೇಲೆ ವಿಜ್ಞಾನ ಕೇಳಲು ಯಾರೂ ನಿಲ್ಲುವುದಿಲ್ಲ ಎಂಬುದು ಹಣಮಪ್ಪನ ಲೆಕ್ಕ.

ಬಂದವರು ಟಿಳಕವಾಡಿಯ ನಾಗರತ್ನಾ. ದೇಸೂರಿನಲ್ಲಿ ಅವರದು ದೊಡ್ಡ ಡೈರಿ. ಅವರು ಕರು ಒಪ್ಪಿದರೆ ಕರಿಯನ್ನು ಖಾನಾಪುರದ ಸಂತೆಗೆ ಹೊಡೆದು, ಚೆಂದದ ಆಕಳುಗಳನ್ನು ತಂದು, ತಾನು ತಳಿ ಬೆಳೆಸುವ ದೊಡ್ಡ ಮನುಷ್ಯನಾಗುವುದಾಗಿ ಹಣಮಪ್ಪ ಊರಿಗೆಲ್ಲ ಹೇಳಿ ಮುಗಿಸಿದ್ದ.

“ಬರ್ರಿ ಅಕ್ಕಾರ, ನೋಡ್ರಿ. ಇದು ತಾಯಿ, ಇದು ಮಗಳು. ನೂಲಿನಂಥಾ ಸೀರಿ.”

ನಾಗರತ್ನಾ ಕರುವಿನ ಕಡೆ ನೋಡಲೇ ಇಲ್ಲ. ಬಗ್ಗಿ ಗಿರ್ ಆಕಳಿನ ಕೆಚ್ಚಲು ಮುಟ್ಟಿದರು. “ಮೊನ್ನೆ ಹಡದೈತಿ ಅಂದ್ರಿ. ಕೆಚ್ಚಲಾ ಬತ್ತೇದಲ್ರಿ?”

“ಅದು ನಾಚಿಕಿ ಸ್ವಭಾವದ್ದರಿ. ಮಂದಿ ಮುಂದ ಹಾಲ ಇಳಸೂದಿಲ್ಲ.”

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪದ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಭ್ರೂಣ ಇಟ್ಟದ್ದು ಕರೇ ಆಕಳಿಗೆ ಅಂತ ಡಾಕ್ಟರ್ ಹೇಳಿದ್ರು. ಅದೆಲ್ಲಿ ಐತಿ?”

ಸಿಕ್ಕಿಬಿದ್ದಾಗ ಸಿಟ್ಟಿಗೇಳುವುದು ಹಣಮಪ್ಪನ ಹಳೆಯ ಉಪಾಯ. “ಅದರ ಹೆಸರ ತಗೀಬ್ಯಾಡ್ರಿ. ಹಾಲಿಲ್ಲ, ರೂಪಿಲ್ಲ. ಹಾಯತೈತಿ, ಒದೀತೈತಿ. ಅಂಥಾದ್ದು ನಮ್ಮ ಮನ್ಯಾಗ ಯಾಕಿದ್ದೀತರಿ?”

ಬಣವೆಯ ಹಿಂದಿನಿಂದ ಕರಿ ಅಂಬಾ ಎಂದಿತು. ಕರು ಕಣ್ಣಿ ಕಿತ್ತುಕೊಂಡು, ಎರವಲು ತಾಯಿಯ ಹೊಟ್ಟೆಯ ಕೆಳಗೇ ನುಸುಳಿ, ಹಿತ್ತಲಿಗೆ ಓಡಿತು. ಗಿರ್ ಆಕಳು ಮೇವಿನಿಂದ ತಲೆ ಸಹ ಎತ್ತಲಿಲ್ಲ.

ಇವರು ಹೋಗಿ ನೋಡುವ ಹೊತ್ತಿಗೆ ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಕರಿ ಅದರ ಬೆನ್ನು ನೆಕ್ಕುತ್ತಿತ್ತು.

“ಖರೇ ಹೇಳಿಬಿಡತೇನ್ರಿ,” ಎಂದ ಹಣಮಪ್ಪ. “ಇದರದು ಬರೇ ಹೊಟ್ಟಿ. ತಳಿ ಇದರದಲ್ಲ. ಗೋಣಿಚೀಲ ಇದ್ಹಾಂಗ. ಜೋಳ ಕೊಳ್ಳಾವ್ರು ಚೀಲ ಯಾವೂರದ್ದು ಅಂತ ಕೇಳತಾರೇನ್ರಿ?”

“ನಾ ಚೀಲಾ ನೋಡಾಕನ ಬಂದೇನಿ,” ಎಂದರು ನಾಗರತ್ನಾ. “ಭ್ರೂಣ ನನಗ ಬೇಕಾದಷ್ಟು ಸಿಗತಾವ. ಡೈರ್ಯಾಗ ಚಂದ ಚಂದ ಆಕಳಿಗೆ ಇಡಿಸಿದೆ, ಒಂದೂ ನಿಲ್ಲಲಿಲ್ಲ. ಮೊದಲನೇ ಸಲಕ್ಕ ಹಿಡದು, ಸುಸೂತ್ರ ಹಡದದ್ದು ಈ ಕಡೆ ಇದೊಂದ ಅಂತ. ಕರಾ ನನಗ್ಯಾಕ್ರಿ?”

ಹಣಮಪ್ಪ ನಿಂತಲ್ಲಿಯೇ ಮಾತು ತಿರುಗಿಸಿದ. “ಅದನ್ನ ನಾನೂ ಹೇಳಾಕತ್ತಿದ್ನಿರಿ. ಬಂಗಾರದಂಥಾ ಆಕಳ,” ಎನ್ನುತ್ತ ಪ್ರೀತಿ ತೋರಿಸಲು ಕರಿಯ ಸೊಂಟದ ಮೇಲೆ ಕೈಯಿಟ್ಟ. ಕರಿಯ ಗುರಿ ತಪ್ಪಲಿಲ್ಲ. ಉಳಿದ ಮಾತನ್ನು ಅವನು ತಿಪ್ಪೆಯಲ್ಲಿ ಕುಳಿತೇ ಮುಗಿಸಿದ: “ಸ್ವಭಾವ ಭಾಳ ಸಮಾಧಾನದ್ದರಿ.”

“ಎಲ್ಲಾರಿಗೂ ಒದೀತೈತೇನವ್ವ?” ನಾಗರತ್ನಾ ಪದ್ಮವ್ವನನ್ನು ಕೇಳಿದರು.

“ಇವರಿಗಷ್ಟರಿ.” ಪದ್ಮವ್ವ ಹೋಗಿ ಕರಿಯ ಗಂಗೆದೊಗಲು ತುರಿಸಿದಳು. ಅದು ಕುತ್ತಿಗೆ ಚಾಚಿ ಕೊಟ್ಟಿತು. “ಚೀಲ ಅಂದ್ರ ಯಾರಿಗೆ ಸಿಟ್ಟ ಬರೂದಿಲ್ರಿ? ನಮ್ಮ ರೋಹನ ಎಸ್ಸೆಸ್ಸೆಲ್ಸಿ ಪಾಸಾದಾಗ ಇವರು ನನ್ನ ರಕ್ತ, ನನ್ನ ರಕ್ತ ಅಂತ ಓಣಿ ತುಂಬ ಕುಂದಾ ಹಂಚಿದ್ರು. ಅದಕಿಂತ ಮೊದಲ ಫೇಲಾಗಿದ್ದನಲ್ರಿ, ಆವಾಗಷ್ಟ ಅದು ನನ್ನ ತವರಮನಿ ತಲಿ ಆಗಿತ್ತು.”

ನಾಗರತ್ನಾ ನಕ್ಕರು. ಕರಿ ಇಲ್ಲಿಯೇ ಇರಲಿ, ಕರು ತಾಯಿಯ ಹತ್ತಿರವೇ ಬೆಳೆಯಲಿ, ವೇಳೆ ಬಂದಾಗ ಡಾಕ್ಟರನ್ನು ಭ್ರೂಣದ ಸಮೇತ ತಾವೇ ಕರೆತಂದು, ಕರಿ ಹೊತ್ತು ಹಡೆದದ್ದಕ್ಕೆ ಹಣ ಕೊಡುವುದಾಗಿ ಹೇಳಿದರು. ಹತ್ತುವಾಗ ಕಾರಿನ ಬಾಗಿಲು ಹಿಡಿದು ನಿಂತು, “ಒಂದ ಮಾತರಿ,” ಎಂದರು. “ಇನ್ನ ವ್ಯವಹಾರ ಎಲ್ಲಾ ಪದ್ಮವ್ವನ ಜೋಡಿ. ಆಕಳ ಹಗ್ಗಾನೂ ಆಕಿ ಕೈಯಾಗ ಇರಲಿ.”

ಸಂಜೆ ಹಣಮಪ್ಪ ಗಿರ್ ಆಕಳನ್ನು ವಾಪಸು ಮುಟ್ಟಿಸಲು ಹೊರಟ. ತೊಡೆಯ ಮೇಲೆ ಗೊರಸಿನ ಗುರುತು ಅಚ್ಚು ಹಾಕಿದಂತೆ ಮೂಡಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಯಲ್ಲೇಶ ಕೇಳಿದ: “ಏನಾತೋ ಹಣಮಪ್ಪ? ಒಪ್ಪಿಕೊಂಡ್ರೇನು?”

ಹಣಮಪ್ಪ ಹಗ್ಗವನ್ನು ಅವನ ಕೈಗಿಟ್ಟ.

“ಒಪ್ಪಿದ್ರಪ. ನನ್ನೊಬ್ಬನ್ನ ಬಿಟ್ಟು ಮನ್ಯಾಗ ಎಲ್ಲಾರನ್ನೂ ಒಪ್ಪಿದ್ರು.”