ಕೆಂಪಾಜಮ್ಮನ ಮುಂದಿನ ರಾಶಿ

ಹೇಳಿಕೊಳ್ಳಲು ನಾಚಿಕೆ... ಆದರೂ ಹೇಳುತ್ತೇನೆ. ಇದು ನನ್ನದೇ ತಪ್ಪಿನ ಕಥೆ.

ಮದ್ದೂರಿನ ಹತ್ತಿರ ಒಂದು ಗಾರ್ಮೆಂಟ್ಸ್. ನಾನು ಆಗಷ್ಟೇ ಸೂಪರ್‌ವೈಸರ್ ಆಗಿದ್ದೆ. ಕೈಯಲ್ಲಿ ಮೈಕ್ ಬೇರೆ... ಕೇಳಬೇಕೆ ನನ್ನ ಗತ್ತು!

ನಮ್ಮಲ್ಲಿ ಒಂದು ಶರ್ಟು ಸಾಲಾಗಿ ಕೂತ ಮೂವತ್ತು ಜನರ ಕೈ ದಾಟುತ್ತದೆ, ಆ ಸಾಲೇ ಒಂದು ಲೈನ್. ಒಬ್ಬರು ಭುಜ ಜೋಡಿಸಿದರೆ, ಪಕ್ಕದವರು ಕಾಲರ್ ಹಾಕುತ್ತಾರೆ. ಯಾರ ಮುಂದೆ ಬಟ್ಟೆ ರಾಶಿ ಬಿತ್ತೋ ಅವರೇ ನಿಧಾನ... ಹಾಗಂತ ನನ್ನ ಲೆಕ್ಕ.

ರಾಶಿ ಬೀಳುತ್ತಿದ್ದದ್ದು ದಿನಾ ಒಬ್ಬರ ಮುಂದೆಯೇ... ಕಾಲರ್ ಹಾಕುವ ಕೆಂಪಾಜಮ್ಮನ ಮುಂದೆ.

"ಕೆಂಪಾಜಮ್ಮ, ನಿದ್ದೆ ಮಾಡ್ತಿದ್ದೀರಾ?" ಎಂದು ಇಡೀ ಹಾಲ್‌ಗೆ ಕೇಳುವಂತೆ ಮೈಕ್‌ನಲ್ಲಿ ಕೂಗುತ್ತಿದ್ದೆ. ಅವರಿಗೆ ನನ್ನ ತಾಯಿಯ ವಯಸ್ಸು. ಒಂದು ದಿನವೂ ಎದುರು ಮಾತಾಡಲಿಲ್ಲ.

ಒಂದು ಸೋಮವಾರ ಅವರನ್ನು ಮಷೀನ್‌ನಿಂದ ಎಬ್ಬಿಸಿ ದಾರ ಕತ್ತರಿಸುವ ಟೇಬಲ್‌ಗೆ ಕಳಿಸಿದೆ. ಹದಿನಾಲ್ಕು ವರ್ಷ ಅನುಭವದ ಟೈಲರ್... ಒಂದೇ ಮಾತಿಗೆ ಹೆಲ್ಪರ್!

"ಶನಿವಾರದವರೆಗೆ ನೋಡ್ತೀನಿ. ಲೈನ್ ಸರಿಹೋದ್ರೆ ನಿಮಗೆ ಅಲ್ಲೇ ಖಾಯಂ" ಎಂದೆ. ಅವರು ಕತ್ತರಿ ತೆಗೆದುಕೊಂಡು ಆ ಟೇಬಲ್‌ಗೆ ಹೋದರು.

ಅವರ ಜಾಗದಲ್ಲಿ ಪಕ್ಕದ ಲೈನ್‌ನ ಚುರುಕಿನ ಟೈಲರ್ ಒಬ್ಬಳನ್ನು ಕೂರಿಸಿದೆ. ಸರಸರ ಹೊಲಿದಳು. ರಾಶಿ ಮಾಯ! ನಾನು ಬೀಗಿದ್ದೇ ಬೀಗಿದ್ದು.

ಮಧ್ಯಾಹ್ನ ಚೆಕಿಂಗ್‌ನಿಂದ ಅರವತ್ತು ಶರ್ಟು ವಾಪಸ್ ಬಂದವು... ಕಾಲರ್ ಸರಿಯಾಗಿಯೇ ಇದೆ. ಭುಜದ ಹೊಲಿಗೆ ಸೊಟ್ಟ!

ಭುಜ ಹೊಲಿಯುವವಳು ಜಯಶೀಲ. ನನಗೆ ರೇಗಿಹೋಯಿತು. ಮೈಕ್ ಎತ್ತಿದೆ. ಅಷ್ಟರಲ್ಲಿ ಕೆಂಪಾಜಮ್ಮ ಓಡಿಬಂದು ನನ್ನ ಕೈ ಹಿಡಿದುಕೊಂಡರು.

"ಬ್ಯಾಡಿ ಮೇಡಂ, ಅವ್ಳ ಹೆಸ್ರು ಕೂಗ್ಬ್ಯಾಡಿ. ಕಣ್ಣು ಮಂಜಾಗ್ಬುಟ್ಟದೆ ಅವ್ಳಿಗೆ. ಗೊತ್ತಾದ್ರೆ ಕೆಲ್ಸದಿಂದ ತೆಗೀತಾರೆ ಅಂತ ಹೆದ್ರಕೊಂಡವ್ಳೆ. ಮನೇಲಿ ದುಡಿಯೋಳು ಅವ್ಳೊಬ್ಳೇಯ. ಸೊಟ್ಟ ಬಂದದ್ನ ನಾನೇ ಬಿಚ್ಚಿ, ಹೊಲ್ದು, ಆಮ್ಯಾಕೆ ಕಾಲರ್ ಹಾಕ್ತಿದ್ದೆ..."

"ಅಷ್ಟು ಬೈದ್ರೂ ನಂಗ್ಯಾಕೆ ಹೇಳ್ಲಿಲ್ಲ?"

"ಯಾಕೆ ಅಂತ ಒಂದಿನಾನಾದ್ರೂ ಕೇಳಿದ್ಯಾ ಮಗ? ಬರೀ ಕೂಗ್ತಿದ್ದೆ..."

ನನ್ನ ಕಣ್ಣು ತುಂಬಿ ಬಂತು. ಆ ಮಷೀನ್ ಪಕ್ಕ ಐದು ನಿಮಿಷ ನಿಂತಿದ್ದರೆ ಸಾಕಿತ್ತು, ಎಲ್ಲಾ ಕಾಣುತ್ತಿತ್ತು. ಮೂರು ತಿಂಗಳಲ್ಲಿ ಒಮ್ಮೆಯೂ ನಿಲ್ಲಲಿಲ್ಲ.

ಜಯಶೀಲಳನ್ನು ನಾನೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ಕನ್ನಡಕ ಸಾಕಾಯಿತು ನೋಡಿ! ಕೆಲಸಕ್ಕೆ ಏನೂ ತೊಂದರೆಯಾಗಲಿಲ್ಲ.

ಮರುದಿನ ಮೈಕ್ ಹಿಡಿದು "ಕೆಂಪಾಜಮ್ಮ..." ಎಂದೆ. ಹಾಲ್ ಪೂರ್ತಿ ತಲೆ ತಗ್ಗಿಸಿತು. ಅವರು ಗಾಬರಿಯಿಂದ ಎದ್ದು ನಿಂತರು.

"ತಪ್ಪು ನಂದು. ನಿಮ್ಮ ಮಷೀನ್ ನಿಮಗೇ ಕಾಯ್ತಾ ಇದೆ. ಕ್ಷಮಿಸಿ" ಎಂದೆ. ಬೈದದ್ದು ಮೈಕ್‌ನಲ್ಲಿ... ಕ್ಷಮೆಯನ್ನು ಕಿವಿಯಲ್ಲಿ ಪಿಸುಗುಟ್ಟಿ ಕೇಳಿದರೆ ಆದೀತೇ?

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಮಷೀನ್ ಮುಂದೆ ಕೂತರು. "ಆಯ್ತು ಬುಡವ್ವ... ಟಾರ್ಗೆಟ್ ನೋಡು ಮೊದ್ಲು!"

ಕೂಗುವ ಮೊದಲು ಹತ್ತಿರ ಹೋಗಿ "ಯಾಕೆ?" ಎಂದು ಕೇಳುವವರೇ ನಿಜವಾದ ಲೀಡರ್.

ನಿಮ್ಮ ಟೀಮ್‌ನಲ್ಲೂ ಇನ್ನೊಬ್ಬರ ತಪ್ಪನ್ನು ಸದ್ದಿಲ್ಲದೆ ಸರಿಮಾಡುತ್ತಾ, ಬೈಗುಳ ತಾವು ತಿನ್ನುತ್ತಿರುವವರು ಯಾರಾದರೂ ಇದ್ದಾರಾ... ಇವತ್ತು ಒಮ್ಮೆ ಅವರ ಪಕ್ಕ ನಿಂತು ನೋಡುತ್ತೀರಾ?