ಇಪ್ಪತ್ತೆರಡು ಟೋಪಿಗಳು

ಸೇವಾಜ್ಯೋತಿ ಬಳಗದ ಅಧ್ಯಕ್ಷ ಚಂದ್ರಮೌಳಿಯವರಿಗೆ ತಮ್ಮದೇ ಭಾಷಣ ಕೇಳಿ ಕಣ್ಣು ತುಂಬಿ ಬಂದಿತ್ತು. "ಈ ಭಾನುವಾರ ಊರ ಸ್ಮಶಾನದ ಕಳೆ ಕೀಳೋಣ. ಸೇವೆ ಅನ್ನೋದನ್ನ ಸ್ವಂತ ಕೈಯಿಂದಲೇ ಮಾಡಬೇಕು!" ಎಂದಾಗ ಉಳಿದ ಇಪ್ಪತ್ತೊಂದು ಮಂದಿ ಸದಸ್ಯರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಭಾನುವಾರ ಬೆಳಿಗ್ಗೆ ಅಧ್ಯಕ್ಷರ ಸ್ವಂತ ಸೊಂಟ ಹಿಡಿದುಕೊಂಡಿತು. ಅಷ್ಟು ಜನರ ನಡುವೆ ತಾವೊಬ್ಬರು ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು, ಬಳಗದ ಹಳದಿ ಟೋಪಿಯನ್ನು ಡ್ರೈವರ್ ತಿಪ್ಪೇಶನ ತಲೆಗಿಟ್ಟು ಕಳಿಸಿದರು.

ಮಧ್ಯಾಹ್ನ ತಿಪ್ಪೇಶ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದ.

"ಎಲ್ಲಾ ಬಂದಿದ್ರೇನೋ? ನನ್ನ ಕೇಳಿದ್ರಾ?"

"ಇಪ್ಪತ್ತೆರಡು ಟೋಪಿನೂ ಬಂದಿದ್ವು ಸರ್. ಕೇಳೋಕೆ ಯಾರೂ ಇರ್ಲಿಲ್ಲ. ಕಾರ್ಯದರ್ಶಿಗಳ ಟೋಪಿ ಹಾಕ್ಕೊಂಡು ಅವರ ಮನೆ ಅಡುಗೆಯೋರು ಬಂದಿದ್ರು. ಉಪಾಧ್ಯಕ್ಷರದ್ದು ಅವರ ಮಾಲಿ ತಲೆ ಮೇಲಿತ್ತು. ಮಿಕ್ಕೋರದ್ದೂ ಹಂಗೇ."

ಚಂದ್ರಮೌಳಿಯವರಿಗೆ ಮೈಯೆಲ್ಲ ಉರಿದುಹೋಯಿತು. "ಎಂಥಾ ಜನ ನೋಡು! ಒಬ್ಬರಿಗಾದ್ರೂ ಸೇವಾ ಮನೋಭಾವ ಬೇಡ್ವಾ?" ಎನ್ನುತ್ತ ಸೋಫಾದ ಮೇಲೆ ಮಗ್ಗುಲು ಬದಲಿಸಿದರು.

"ಅರ್ಧ ಸ್ಮಶಾನ ಆಯ್ತು ಸರ್. ಮಿಕ್ಕಿದ್ದು ಮುಂದಿನ ಭಾನುವಾರ ಅಂತ ನಾವೇ ಒಂದು ಮೀಟಿಂಗ್ ಮಾಡಿದ್ವಿ. ನನ್ನನ್ನೇ ಅಧ್ಯಕ್ಷ ಮಾಡವ್ರೆ."

"ಭೇಷ್ ಕಣೋ! ಅಧ್ಯಕ್ಷ ಅಂದ್ಮೇಲೆ ಜವಾಬ್ದಾರಿ ಇರುತ್ತೆ. ತಪ್ಪಿಸ್ಕೋಬಾರದು," ಎಂದು ನಕ್ಕರು.

"ಅದಕ್ಕೇ ಸರ್." ತಿಪ್ಪೇಶ ಟೋಪಿಯ ಮಣ್ಣು ಕೊಡವಿ ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ. "ಅವತ್ತು ನಮ್ಮ ನಂಟರ ಮನೇಲಿ ಮದುವೆ ಐತೆ. ನನ್ನ ಬದಲಿಗೆ ಸ್ಮಶಾನಕ್ಕೆ ನೀವು ಹೋಗ್ತೀರಾ?"